ತರಬೇತುದಾರರ ಗೆರೆ

ಫಾರ್ಮಿನಲ್ಲಿ ತರಬೇತುದಾರರಿಗೆ ಒಂದೇ ಗೆರೆ.
ಐವಿ ಕುಟಿನ್ಹ ಮೇಡಂ ಪೆನ್ನಿನ ತುದಿ ಕಚ್ಚಿ
ನನ್ನನ್ನು ನೋಡಿದರು. ನಾನು ಮೈದಾನ ನೋಡಿದೆ.

ಮೈದಾನ ಅಂದರೆ ಬೋಳೂರಿನ ಮುರಕಲ್ಲ ಗುಡ್ಡೆ ಕಡಿದು
ಮಾಡಿದ ಒಂದು ಕೆಂಪು ತಟ್ಟೆ.
ಬಿದ್ದವಳ ಮೊಣಕಾಲು ಯಾವುದು, ನೆಲ ಯಾವುದು,
ತೊಳೆದ ಮೇಲೆಯೇ ತಿಳಿಯುವುದು.

ಆಟದ ಹೆಸರು ಪ್ರಿನ್ಸಿಪಾಲರ ಬಾಯಲ್ಲಿ
ಮೂರು ವರ್ಷವಾದರೂ ನೆಟ್ಟಗೆ ನಿಂತಿಲ್ಲ.
ಲ್ಯಾಕ್ರೋಸ್ ಅಂದರೆ ಲೋಷನ್ನಾ ಎಂದಿದ್ದರು ಗುಮಾಸ್ತರು,
ನಮ್ಮ ಬಿಲ್ಲನ್ನು ಪ್ರಥಮ ಚಿಕಿತ್ಸೆಯ ಫೈಲಿಗೆ ಸೇರಿಸಿ.

ಐವಿ ಮೇಡಂ ಹಿಂದೊಮ್ಮೆ ಹಾಕಿಯಲ್ಲಿ ಲೆಫ್ಟ್ ವಿಂಗ್.
ಈ ಆಟವನ್ನು ಫೋನಿನ ವಿಡಿಯೋದಲ್ಲಿ ಕಲಿತವರು, ಸದ್ದು ಆರಿಸಿ:
'ಅವರ ಬಾಯಿ ಬಿಡು ಮಾರಾಯ್ತಿ, ಮಣಿಕಟ್ಟು ನೋಡು.'
ಭಾನುವಾರ ಬಲಿಪೂಜೆ ಮುಗಿಸಿ ಸೀದಾ ಬಂದು
ಸೀರೆ ಎತ್ತಿ ಸಿಕ್ಕಿಸಿ ಓಡುತ್ತಾರೆ, ಕೊರಳಲ್ಲಿ
ಶಿಲುಬೆಗೂ ವಿಸಿಲ್ಲಿಗೂ ಸಿಕ್ಕು.

ನಾನು ಮೈಮೂನ, ಅಸಿಸ್ಟೆಂಟು. ಅರ್ಧ ಸಂಬಳ, ಅದೂ ತಡವಾಗಿ.
ಹಾಜರಿ, ನೀರು, ಮನೆಗಳಿಗೆ ಫೋನು:
'ಕತ್ತಲಾಗುವ ಮೊದಲು ಬಸ್ಸು ಹತ್ತಿಸುತ್ತೇನೆ, ನಾನು ಜವಾಬು.'
ಹದಿನೆಂಟು ಅಪ್ಪಂದಿರಿಗೆ, ನಾಲ್ಕು ಭಾಷೆಗಳಲ್ಲಿ,
ಒಂದೇ ಮಾತು.

ಕಣ್ಣೂರಿನ ಹುಡುಗ ಅಖಿಲ್, ಫಿಸಿಯೊ ಕಾಲೇಜಿನ ಕೊನೆಯ ವರ್ಷ,
ದಕ್ಕೆಯಿಂದ ಐಸು ತರುತ್ತಾನೆ ಮೀನಿನ ಪೆಟ್ಟಿಗೆಯಲ್ಲಿ.
ಉಳುಕಿದ ಪಾದಗಳೆಲ್ಲ ವಾರವಿಡೀ ಬಂಗುಡೆ ನಾರುತ್ತವೆ.
ಒಂದು ಬೆಕ್ಕು ನಮ್ಮ ಡಿಫೆನ್ಸಿನ ಬೆನ್ನು ಬಿಡುವುದಿಲ್ಲ.

ಮತ್ತೆ, ದೂಮಪ್ಪ ಸಾಲ್ಯಾನ್.
ಕೋಲಿನ ತಲೆಯ ಜಾಲರಿ ಹರಿದು
ಹೊಸದು ತರಿಸಲು ದುಡ್ಡಿಲ್ಲದೆ
ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟಿ ಹುಡುಕಿದ್ದು.
ಬಲೆಯ ನೈಲಾನು, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ,
ಎಪ್ಪತ್ತೊಂದು ವರ್ಷದ ಕೈ, ಎರಡು ಬೀಡಿಯ ಹೊತ್ತು.
ಚೆಂಡು ಹಾಕಿದೆವು. ಇಳಿದದ್ದು ಹೊರಗೆ ಬರಲೊಲ್ಲದು.
'ಬಲೆ ಅಂದ ಮೇಲೆ ಸಿಕ್ಕಿದ್ದು ಹೋಗಲಿಕ್ಕುಂಟಾ?'
ಅವರಿಗೇ ಸಿಟ್ಟು.

ಮೇಡಂ ಮರಳಲ್ಲಿ ಕೂತು ವಿವರಿಸಿದರು: ಹೆಂಗಸರ ಆಟದಲ್ಲಿ
ಗುಂಡಿ ಆಳವಿರಬಾರದು, ಅಂಪೈರು ಅಳೆಯುತ್ತಾರೆ,
ಅಂಚಿನ ಮೇಲೆ ಚೆಂಡಿನ ನೆತ್ತಿ ಕಾಣಬೇಕು.
ಗಂಡಸರದ್ದು ಆಳವಿದ್ದರೆ ನಡೆಯುತ್ತದೆ.
'ಅದ್ಯಾಕೆ?' ಅಂದರು ದೂಮಪ್ಪ.
ದೋಣಿ ಹೊರಡುವವರೆಗೂ
ನಾವಿಬ್ಬರೂ ಅದಕ್ಕೆ ಉತ್ತರ ಹುಡುಕಿದೆವು.

ಈಗ ಸಂಜೆ ಸಂಜೆ ಬರುತ್ತಾರೆ. ಗೋಲಿನ ಹಿಂದೆ ಕುಕ್ಕರಗಾಲು.
ಯಾರ ಎಸೆತ ಎಡಕ್ಕೆ ವಾಲಿತೋ ಅವಳನ್ನು ಕರೆದು
ಒಂದು ಗಂಟು ಬಿಗಿ, ಒಂದು ಸಡಿಲ.
ನಿಯಮ ಒಂದೂ ಗೊತ್ತಿಲ್ಲ.
ಪ್ರೆಸಿಲ್ಲಾಳ ಭುಜ ಸೋತದ್ದು
ಅವಳಿಗಿಂತ ಮೊದಲು ಗೊತ್ತು, ದಾರ ಸವೆದ ಕಡೆ ನೋಡಿ.

ಮೊನ್ನೆ ಮೈಸೂರಿನವರೆದುರು ಹದಿನಾರು–ಮೂರು.
ಮೂರು ನಮ್ಮದು.
ಡ್ರೆಸ್ಸಿಂಗ್ ರೂಮಿಲ್ಲ, ಅತ್ತದ್ದೂ ಬಯಲಲ್ಲೇ.
ಮೇಡಂ ಶಂಕುಗಳನ್ನು ಒಂದರೊಳಗೊಂದು ಪೇರಿಸುತ್ತ ಹೋದರು.
ನಾನು ಹಾಜರಿ ಕರೆದೆ, ಏನಾದರೂ ಕರೆಯಬೇಕಲ್ಲ.
ಹದಿನೆಂಟು 'ಪ್ರೆಸೆಂಟ್', ಮೂಗು ಕಟ್ಟಿದ್ದು.
ಹತ್ತೊಂಬತ್ತನೆಯದು ಗೋಲಿನ ಹಿಂದಿನಿಂದ, ಕೆಮ್ಮಿನ ಜೊತೆ.

ಫಾರ್ಮು ಐದು ಗಂಟೆಯೊಳಗೆ ಕೊಡಬೇಕು.
ಮೇಡಂ ಆ ಗೆರೆಯ ಮೇಲೆ ಇರುವೆಯಂಥ ಅಕ್ಷರದಲ್ಲಿ
ನಾಲ್ಕು ಹೆಸರು ಬರೆದರು. ಮೂರು ಹಿಡಿಯಿತು.
'ದೂಮಪ್ಪ' ಒಳಗೆ ಕೂತು
'ಸಾಲ್ಯಾನ್' ಗೆರೆ ದಾಟಿ ಬಿಳಿಯಲ್ಲಿ ನಿಂತಿತು.

'ಇದೆಂತ ಮೇಡಂ, ಹೊರಗೆ ಬಂದಿದೆ?' ಗುಮಾಸ್ತರು.
'ನೆತ್ತಿ,' ಅಂದರು ಮೇಡಂ. 'ಕಾಣಬೇಕು.'
ಅವರು ಕನ್ನಡಕ ಏರಿಸಿ, ಇಳಿಸಿ,
ಸೀಲು ಹುಡುಕಲು ಒಳಗೆ ಹೋದರು.